ಬಾಲ ಬದಲಾದರೆ ಅರ್ಥವೂ ಬದಲು: ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

'ಗಿವ್' ಅಂದರೆ ಕೊಡು, 'ಅಪ್' ಅಂದರೆ ಮೇಲೆ. ಎರಡೂ ಸೇರಿ 'ಗಿವ್ ಅಪ್' ಆದರೆ 'ಮೇಲೆ ಕೊಡು' ಅಲ್ಲ, 'ಕೈಬಿಡು'. ಇಂಥ ಜೋಡಿಗಳಿಗೆ ಫ್ರೇಸಲ್ ವರ್ಬ್ ಎಂದು ಹೆಸರು. ಈ ಸಲದ ಪ್ರಶ್ನೆಗಳೆಲ್ಲ ಅವುಗಳದ್ದೇ. ಅಪ್, ಆಫ್, ಔಟ್ ಮುಂತಾದ ಕಿರುಪದಗಳನ್ನು ಸುಲಭಕ್ಕಾಗಿ 'ಬಾಲ' ಎಂದು ಕರೆದಿದ್ದೇವೆ. ಜೊತೆಗೆ ಒಂದು ಸೂಚನೆ: ಎರಡು 'ಎಫ್' ಇರುವ ಪದವನ್ನೂ ಒಂದೇ 'ಎಫ್' ಇರುವ ಪದವನ್ನೂ ನಾವು ಕನ್ನಡದಲ್ಲಿ 'ಆಫ್' ಎಂದೇ ಬರೆದುಬಿಡುತ್ತೇವೆ. ಬಾಯಲ್ಲಿ ಮೊದಲನೆಯದು 'ಆಫ್', ಎರಡನೆಯದು 'ಅವ್'. ಇಲ್ಲಿ ಹಾಗೆಯೇ ಬೇರೆ ಬೇರೆಯಾಗಿ ಅಚ್ಚು ಹಾಕಿದ್ದೇವೆ.

ಪ್ರಶ್ನೆ: ಸಾವಿರ ಫ್ರೇಸಲ್ ವರ್ಬ್‌ಗಳ ಪುಸ್ತಕ ಕೊಂಡು ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡುತ್ತಿದ್ದೇನೆ. 'ಜಿ' ಅಕ್ಷರಕ್ಕೆ ಬರುವಷ್ಟರಲ್ಲಿ ಎಲ್ಲ ಕಲಸುಮೇಲೋಗರವಾಗಿದೆ. ನಿಜಕ್ಕೂ ಎಷ್ಟು ಕಲಿತರೆ ಸಾಕು? ಹೇಗೆ ಕಲಿಯಬೇಕು? (ಪದವಿ ವಿದ್ಯಾರ್ಥಿನಿ, ಹಾವೇರಿ)

ಉತ್ತರ: 'ಜಿ'ಯಲ್ಲೇ ಸಿಕ್ಕಿಬಿದ್ದದ್ದು ಆಶ್ಚರ್ಯವಲ್ಲ. ಗೆಟ್ ಅಪ್, ಗೆಟ್ ಬೈ, ಗೆಟ್ ಓವರ್, ಗೆಟ್ ಅಲಾಂಗ್ ಎಲ್ಲ ಒಂದೇ ಪುಟದಲ್ಲಿ ಸಾಲಾಗಿ ನಿಂತಿರುತ್ತವೆ. ಮುಖ ಒಂದೇ ಥರ ಇರುವ ನಾಲ್ವರನ್ನು ಒಂದೇ ದಿನ ಪರಿಚಯ ಮಾಡಿಕೊಂಡರೆ ಹೆಸರು ಅದಲುಬದಲಾಗದೆ ಇರುತ್ತದೆಯೇ? ಕನ್ನಡ ಕಲಿಯುವ ಹೊರಗಿನವರೊಬ್ಬರಿಗೆ ಕೈಕೊಡು, ಕೈಬಿಡು, ಕೈಹಿಡಿ, ಕೈಮಾಡು, ಕೈಹಾಕು ಇಷ್ಟನ್ನೂ ಒಂದೇ ಪಾಠದಲ್ಲಿ ಹೇಳಿಕೊಟ್ಟು ನೋಡಿ. ಸಹಾಯ ಮಾಡಿದ ಸ್ನೇಹಿತರನ್ನು 'ಕಷ್ಟಕಾಲದಲ್ಲಿ ಕೈಕೊಟ್ಟರು' ಎಂದು ಸಭೆಯಲ್ಲಿ ಹೊಗಳಿಯಾರು.

ಎಷ್ಟು ಬೇಕು ಎಂಬುದಕ್ಕೆ ಲೆಕ್ಕವಿದೆ. ಡೀ ಗಾರ್ಡ್‌ನರ್ ಮತ್ತು ಮಾರ್ಕ್ ಡೇವಿಸ್ ಎಂಬ ಭಾಷಾವಿದ್ವಾಂಸರು ಸುಮಾರು 10 ಕೋಟಿ ಪದಗಳಿರುವ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಭಾಷಾಭಂಡಾರವನ್ನು ಜಾಲಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಫ್ರೇಸಲ್ ವರ್ಬ್ ಬಳಸಿದ ಕಡೆಗಳಲ್ಲೆಲ್ಲ ಅರ್ಧಕ್ಕಿಂತ ತುಸು ಹೆಚ್ಚು ಜಾಗವನ್ನು ಬರೀ 100 ಜೋಡಿಗಳೇ ಹಿಡಿದಿದ್ದವು: ಗೋ ಆನ್, ಕ್ಯಾರಿ ಔಟ್, ಸೆಟ್ ಅಪ್, ಪಿಕ್ ಅಪ್, ಪಾಯಿಂಟ್ ಔಟ್, ಫೈಂಡ್ ಔಟ್, ಟೇಕ್ ಓವರ್ ಇತ್ಯಾದಿ. ತೊಡಕೆಂದರೆ ಆ ನೂರರಲ್ಲಿ ಒಂದೊಂದಕ್ಕೂ ನಿಘಂಟಿನಲ್ಲಿ ಸರಾಸರಿ ಐದಕ್ಕೂ ಹೆಚ್ಚು ಅರ್ಥ. 2015ರಲ್ಲಿ ಮೆಲೋಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಸ್ಮಿಟ್ ಸಿದ್ಧಪಡಿಸಿದ 150 ಜೋಡಿಗಳ ಪಟ್ಟಿ ಈ ಹೊರೆಯನ್ನೂ ಇಳಿಸಿತು: ಬಳಕೆಯಲ್ಲಿ ಪದೇ ಪದೇ ಬರುವ ಅರ್ಥಗಳನ್ನಷ್ಟೇ ಉಳಿಸಿಕೊಂಡರೆ ಒಂದಕ್ಕೆ ಸರಾಸರಿ ಎರಡು ಸಾಕು. ಅಂದರೆ 150 ಜೋಡಿ, 300ರ ಆಸುಪಾಸು ಅರ್ಥ. ಸಾವಿರದ ಪುಸ್ತಕವನ್ನು ಅನುಮಾನ ಬಂದಾಗ ತೆರೆದು ನೋಡಲು ಇಟ್ಟುಕೊಳ್ಳಿ.

ಕಲಿಯುವಾಗ ಅಕ್ಷರ ಹಿಡಿದು ಹೋಗಬೇಡಿ, ಸಂದರ್ಭ ಹಿಡಿದು ಹೋಗಿ. ಒಂದು ವಾರ ಹಾಸ್ಟೆಲ್, ಇನ್ನೊಂದು ವಾರ ಬ್ಯಾಂಕು, ಮತ್ತೊಂದು ವಾರ ಪ್ರಯಾಣ. ವಾರಕ್ಕೆ ಐದು, ಹೆಚ್ಚೆಂದರೆ ಏಳು. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು: ನಿಮ್ಮದೇ ಬದುಕಿನ ಒಂದು ವಾಕ್ಯ, ಅದೇ ಮಾತನ್ನು ನೀವು ಮನೆಯಲ್ಲಿ ಆಡುವ ಕನ್ನಡ, 'ಇಟ್' ಎಲ್ಲಿ ಬರುತ್ತದೆ ಎಂಬ ಗುರುತು, ಇದನ್ನು ಯಾರ ಮುಂದೆ ಆಡಬಹುದು, ಗೆಳತಿಯ ಮುಂದೆಯೋ ಅರ್ಜಿಯಲ್ಲೋ ಎಂಬ ಟಿಪ್ಪಣಿ.

ಒಂದನ್ನು ಮಾಡಿ ತೋರಿಸುತ್ತೇವೆ. 'ರನ್ ಔಟ್ ಅವ್'. ವಾಕ್ಯ: 'ವಿ ಹ್ಯಾವ್ ರನ್ ಔಟ್ ಅವ್ ಗ್ಯಾಸ್.' ಕನ್ನಡ: 'ಗ್ಯಾಸ್ ಖಾಲಿಯಾಗಿದೆ.' ಇಲ್ಲಿ ಕಣ್ಣಿಡಬೇಕಾದ್ದು ಕರ್ತೃವಿನ ಮೇಲೆ. ಕನ್ನಡದಲ್ಲಿ ಖಾಲಿಯಾಗುವುದು ಗ್ಯಾಸ್. ಇಂಗ್ಲಿಷಿನಲ್ಲಿ ವಾಕ್ಯ ಶುರುವಾಗುವುದು 'ನಾವು' ಎಂದು. ಗ್ಯಾಸ್‌ನಿಂದಲೇ ಶುರು ಮಾಡಬೇಕೆಂದರೆ 'ದ ಗ್ಯಾಸ್ ಹ್ಯಾಸ್ ರನ್ ಔಟ್'; ಆಗ 'ಅವ್' ಬೀಳುತ್ತದೆ. 'ರನ್ ಔಟ್ ಅವ್ ಅಂದರೆ ಮುಗಿದುಹೋಗು' ಎಂಬ ಒಂದು ಸಾಲಿನ ಬಾಯಿಪಾಠದಲ್ಲಿ ಈ ಸೂಕ್ಷ್ಮ ಸಿಗುವುದೇ ಇಲ್ಲ. 'ಗ್ಯಾಸ್ ಈಸ್ ಓವರ್' ಎಂಬ ವಾಕ್ಯ ಹುಟ್ಟುವುದು ಹೀಗೆ.

ಬರೆದದ್ದನ್ನು ಅದೇ ರಾತ್ರಿ, ಮೂರನೇ ದಿನ, ಏಳನೇ ದಿನ, ಮೂರು ವಾರದ ಮೇಲೆ ತಿರುವಿಹಾಕಿ. ಇಂಗ್ಲಿಷ್ ಸಾಲನ್ನು ಕೈಯಿಂದ ಮುಚ್ಚಿ, ಕನ್ನಡ ನೋಡಿ, ಇಂಗ್ಲಿಷನ್ನು ಗಟ್ಟಿಯಾಗಿ ಹೇಳಿ. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಸುಲಭ. ಆದರೆ ಅದರಿಂದ ಓದಲು ಬರುತ್ತದೆಯೇ ಹೊರತು ಮಾತು ಬರುವುದಿಲ್ಲ.

ಪ್ರಶ್ನೆ: ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು 'ಪಿಕ್ ಅಪ್ ಇಟ್', 'ಲುಕ್ ಹಿಮ್ ಆಫ್ಟರ್' ಎಂದು ಬರೆಯುತ್ತಾರೆ. 'ಇಟ್' ಎಲ್ಲಿ ಬರಬೇಕು ಎಂದು ಹೇಳಿಕೊಡಲು ನಿಯಮವಿದೆಯೇ? (ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ)

ಉತ್ತರ: ಇದೆ, ಮತ್ತು ಈ ವಿಷಯದಲ್ಲಿ ಕಲಿಯಲೇಬೇಕಾದ ನಿಯಮ ಎಂದರೆ ಇದೊಂದೇ. ಕನ್ನಡದಲ್ಲಿ 'ಅದನ್ನು ಎತ್ತಿಕೋ' ಎನ್ನುವಾಗ 'ಅನ್ನು' ಪ್ರತ್ಯಯವೇ ಕರ್ಮಪದವನ್ನು ಗುರುತಿಸಿಬಿಡುತ್ತದೆ. ಪದ ಎಲ್ಲಿದ್ದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಪ್ರತ್ಯಯವಿಲ್ಲ, ಸ್ಥಾನವೇ ಎಲ್ಲ. ಮಕ್ಕಳು ತಪ್ಪುವುದು ಅದಕ್ಕೆ.

ಕರ್ಮಪದವೇ ಇಲ್ಲದ ಜೋಡಿಗಳನ್ನು ಮೊದಲು ಬದಿಗಿಡಿ: 'ದ ಬಸ್ ಬ್ರೋಕ್ ಡೌನ್', 'ಹಿ ಡಿಡ್ ನಾಟ್ ಟರ್ನ್ ಅಪ್'. ಅಲ್ಲಿ ತಪ್ಪಲು ಏನೂ ಇಲ್ಲ. ಉಳಿದವುಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ಬಿಡಿಸಬಹುದಾದ್ದು. ಪಿಕ್ ಅಪ್, ಪುಟ್ ಆಫ್, ಟರ್ನ್ ಡೌನ್, ಥ್ರೋ ಅವೇ, ಗಿವ್ ಬ್ಯಾಕ್, ಟ್ರೈ ಆನ್ ಈ ಜಾತಿಯವು. ನಾಮಪದವಾದರೆ ಬಾಲದ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು: 'ಪಿಕ್ ಅಪ್ ದ ಬುಕ್', 'ಪಿಕ್ ದ ಬುಕ್ ಅಪ್' ಎರಡೂ ಸರಿ. ಸರ್ವನಾಮವಾದರೆ ನಡುವೆ ಮಾತ್ರ: 'ಪಿಕ್ ಇಟ್ ಅಪ್'. ಎರಡನೆಯದು ಅಂಟಿಕೊಂಡದ್ದು. ಲುಕ್ ಆಫ್ಟರ್, ಲುಕ್ ಫಾರ್, ಕಮ್ ಅಕ್ರಾಸ್, ರನ್ ಇಂಟು, ಗೆಟ್ ಓವರ್. ಇಲ್ಲಿ ನಾಮಪದವಿರಲಿ ಸರ್ವನಾಮವಿರಲಿ ಬಾಲದ ನಂತರವೇ: 'ಲುಕ್ ಆಫ್ಟರ್ ಹಿಮ್'.

ಯಾವುದು ಯಾವ ಜಾತಿ ಎಂದು ತಿಳಿಯಲು ಬಾಲವನ್ನೇ ನೋಡಿ. ಆಫ್ಟರ್, ಫಾರ್, ಆಟ್, ಇಂಟು, ವಿತ್, ಫ್ರಮ್ ಇದ್ದರೆ ಅಂಟಿಕೊಂಡದ್ದು. ಅಪ್, ಔಟ್, ಡೌನ್, ಅವೇ, ಬ್ಯಾಕ್ ಇದ್ದು ಕರ್ಮಪದವೂ ಇದ್ದರೆ ಬಹುಪಾಲು ಬಿಡಿಸಬಹುದಾದ್ದು. ಇನ್, ಆನ್, ಆಫ್, ಓವರ್, ಥ್ರೂ ಎರಡೂ ಕಡೆ ಓಡಾಡುತ್ತವೆ: 'ಟ್ರೈ ಇಟ್ ಆನ್' ಸರಿ, ಆದರೆ ಬಸ್ಸು ಹತ್ತುವಾಗ 'ಗೆಟ್ ಆನ್ ಇಟ್'. ಈ ಐದನ್ನು ನಿಘಂಟು ನೋಡಿಯೇ ತೀರ್ಮಾನಿಸಿ.

ಕಿವಿಯಿಂದಲೂ ಪರೀಕ್ಷಿಸಬಹುದು. 'ಪಿಕ್ ಇಟ್ ಅಪ್' ಎನ್ನುವಾಗ ಒತ್ತು ಬೀಳುವುದು 'ಅಪ್' ಮೇಲೆ. 'ಲುಕ್ ಆಟ್ ಇಟ್' ಎನ್ನುವಾಗ 'ಲುಕ್' ಮೇಲೆ. 'ಆಟ್' ಬಾಯಲ್ಲೇ ಕರಗಿಹೋಗುತ್ತದೆ. ಕರಗುವ ಬಾಲ ಬಿಡಿಸಲು ಬರುವುದಿಲ್ಲ. ಅಕ್ರಾಸ್, ಇಂಟು, ಆಫ್ಟರ್‌ನಂಥ ಎರಡು ಮಾತ್ರೆಯ ಬಾಲಗಳಿಗೆ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ.

ದೊಡ್ಡ ತರಗತಿಯ ಮಕ್ಕಳಿಗೆ ಈ ಎರಡು ವಾಕ್ಯ ಬೋರ್ಡಿನ ಮೇಲೆ ಬರೆಯಿರಿ: 'ಹಿ ರ್‍ಯಾನ್ ಅಪ್ ಎ ಹಿಲ್', 'ಹಿ ರ್‍ಯಾನ್ ಅಪ್ ಎ ಬಿಲ್'. ಮೊದಲನೆಯವನು ಗುಡ್ಡ ಹತ್ತಿ ಓಡಿದ. ಎರಡನೆಯವನು ಅಂಗಡಿಯಲ್ಲಿ ಬಾಕಿ ಬೆಳೆಸಿದ. ಈಗ ಹಿಲ್, ಬಿಲ್ ಎರಡನ್ನೂ 'ಇಟ್' ಮಾಡಿಸಿ. ಗುಡ್ಡದವನು 'ರ್‍ಯಾನ್ ಅಪ್ ಇಟ್', ಬಾಕಿಯವನು 'ರ್‍ಯಾನ್ ಇಟ್ ಅಪ್'. ಗುಡ್ಡದ ವಾಕ್ಯದಲ್ಲಿ 'ಅಪ್' ಗುಡ್ಡಕ್ಕೆ ಸೇರಿದ್ದು, ಬಾಕಿಯದರಲ್ಲಿ ಓಡುವ ಕ್ರಿಯಾಪದಕ್ಕೇ ಸೇರಿದ್ದು.

ತರಗತಿಯಲ್ಲಿ ಹತ್ತು ನಿಮಿಷದ ಆಟ: 'ಪಿಕ್', 'ಅಪ್', 'ದ ಬುಕ್', 'ಇಟ್' ಎಂದು ದೊಡ್ಡಕ್ಷರದಲ್ಲಿ ನಾಲ್ಕು ರಟ್ಟು ಬರೆದು ನಾಲ್ವರ ಕೈಗೆ ಕೊಡಿ. 'ದ ಬುಕ್' ಹಿಡಿದವಳು ಎರಡೂ ಜಾಗದಲ್ಲಿ ನಿಲ್ಲಬಹುದು. 'ಇಟ್' ಹಿಡಿದವನು ನಡುವಿನಿಂದ ಕದಲುವ ಹಾಗಿಲ್ಲ. ಆಮೇಲೆ ಒಂದು ವಾರ ಬಿಡಿಸಬಹುದಾದ ಜೋಡಿಗಳನ್ನು ಮಾತ್ರ ಕೊಡಿ, ನಾಮಪದವನ್ನೂ ನಡುವೆಯೇ ಹಾಕಿಸಿ: 'ಥ್ರೋ ದ ಪೇಪರ್ ಅವೇ', 'ಗಿವ್ ದ ಪೆನ್ ಬ್ಯಾಕ್'. ಅದು ಸರಿಯಾದ ಇಂಗ್ಲಿಷೇ. ಹಾಗೆ ಕೈ ಪಳಗಿದ ಮಗು 'ಥ್ರೋ ಅವೇ ಇಟ್' ಬರೆಯುವುದು ಬಹಳ ಕಡಿಮೆ. ಅಂಟಿಕೊಂಡ ಜಾತಿಯನ್ನು ಎರಡನೇ ವಾರಕ್ಕೆ ತನ್ನಿ. ಎರಡನ್ನೂ ಒಂದೇ ದಿನ ಹೇಳಿದಾಗಲೇ 'ಲುಕ್ ಹಿಮ್ ಆಫ್ಟರ್' ಹುಟ್ಟುವುದು. ಕರ್ಮಪದ ಐದಾರು ಪದಗಳಷ್ಟು ಉದ್ದವಿದ್ದರೆ ನಡುವೆ ತುರುಕಬಾರದು, ಬಾಲ ಎಲ್ಲೋ ದೂರ ಉಳಿದು ಓದುಗ ದಾರಿ ತಪ್ಪುತ್ತಾನೆ ಎಂಬುದನ್ನು ಕೊನೆಗೆ ಹೇಳಿದರಾಯಿತು.

ಮೂರು ಪದದವೂ ಇವೆ: ಪುಟ್ ಅಪ್ ವಿತ್ (ಸಹಿಸಿಕೋ), ಗೆಟ್ ಅಲಾಂಗ್ ವಿತ್ (ಹೊಂದಿಕೊಂಡಿರು), ಲುಕ್ ಫಾರ್ವರ್ಡ್ ಟು (ಎದುರುನೋಡು). ಇವುಗಳ ಕರ್ಮಪದ ಯಾವಾಗಲೂ ಕೊನೆಗೆ. 'ಲುಕ್ ಫಾರ್ವರ್ಡ್ ಟು' ಆದಮೇಲೆ 'ಮೀಟ್' ಬರೆಯುವ ತಪ್ಪು ಮಕ್ಕಳದ್ದಷ್ಟೇ ಅಲ್ಲ, ಕಚೇರಿಯ ಪತ್ರಗಳಲ್ಲೂ ಇದೆ. 'ಮೀಟಿಂಗ್' ಆಗಬೇಕು. 'ಟು' ಆದಮೇಲೆ 'ಇಟ್' ಇಟ್ಟು ನೋಡಿ: 'ಐ ಲುಕ್ ಫಾರ್ವರ್ಡ್ ಟು ಇಟ್' ಕೂರುತ್ತದೆ, ಹಾಗಾಗಿ 'ಇಂಗ್' ಬೇಕು. 'ಐ ವಾಂಟ್ ಟು ಇಟ್' ಕೂರುವುದಿಲ್ಲ, ಹಾಗಾಗಿ ಅಲ್ಲಿ 'ಇಂಗ್' ಬೇಡ.

ಪ್ರಶ್ನೆ: ಬಸ್ಸಿನಿಂದ 'ಗೆಟ್ ಡೌನ್' ಅನ್ನಬೇಕೋ 'ಗೆಟ್ ಆಫ್' ಅನ್ನಬೇಕೋ? (ಓದುಗರು, ತುಮಕೂರು)

ಉತ್ತರ: 'ಗೆಟ್ ಆಫ್'. ನಾವು 'ಇಳಿ' ಎಂಬುದನ್ನು ಹಾಗೇ ಹೊತ್ತೊಯ್ದು 'ಗೆಟ್ ಡೌನ್' ಮಾಡಿದ್ದೇವೆ. ಊರಲ್ಲಿ ಅರ್ಥವಾಗುತ್ತದೆ, ಲಂಡನ್ನಿನಲ್ಲಿ ಹುಬ್ಬು ಮೇಲೇರುತ್ತದೆ. ಒಳಗೆ ನಿಂತು ನಡೆದಾಡಬಹುದಾದ ಬಸ್ಸು, ರೈಲು, ವಿಮಾನ, ಹಡಗಿಗೆ 'ಗೆಟ್ ಆನ್, ಗೆಟ್ ಆಫ್'. ಬಗ್ಗಿ ಒಳಗೆ ತೂರಬೇಕಾದ ಕಾರು, ಆಟೊಗೆ 'ಗೆಟ್ ಇನ್, ಗೆಟ್ ಔಟ್ ಅವ್'. ಮೇಲೆ ಕೂರುವ ಸೈಕಲ್ಲು, ಬೈಕು, ಕುದುರೆಗೆ ಮತ್ತೆ 'ಆನ್, ಆಫ್'. ಯಾರಾದರೂ ನಿಮ್ಮನ್ನು ಬಸ್‌ಸ್ಟ್ಯಾಂಡಿಗೆ ಬಿಡಬೇಕಿದ್ದರೆ ಬರೀ 'ಡ್ರಾಪ್ ಮಿ' ಎನ್ನದೆ 'ಡ್ರಾಪ್ ಮಿ ಆಫ್' ಎನ್ನಿ. ಬಾಲವೂ ಇಲ್ಲದೆ, ಇಳಿಯುವ ಜಾಗದ ಹೆಸರೂ ಇಲ್ಲದಿದ್ದರೆ ಕೈಯಿಂದ ಕೆಳಗೆ ಬೀಳಿಸು ಎಂದಾಗಬಹುದು.

ಪ್ರಶ್ನೆ: ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್ – ಯಾವುದೂ ಮೇಲಕ್ಕೆ ಹೋಗುವುದಿಲ್ಲ, ಆದರೂ 'ಅಪ್' ಏಕೆ? ಹಾಗೆಯೇ ಫಾರಂ 'ಫಿಲ್ ಅಪ್' ಮಾಡುವುದೋ, 'ಫಿಲ್ ಇನ್' ಮಾಡುವುದೋ? (ನಿವೃತ್ತ ಬ್ಯಾಂಕ್ ನೌಕರರು, ಮಂಗಳೂರು)

ಉತ್ತರ: 'ತಿಂದುಬಿಡು' ಎನ್ನುವಾಗ ಯಾರೂ ಏನನ್ನೂ ಬಿಡುವುದಿಲ್ಲ. 'ತಿಂದುಹಾಕು' ಎನ್ನುವಾಗ ಯಾರೂ ಏನನ್ನೂ ಹಾಕುವುದಿಲ್ಲ. ಬಿಡು, ಹಾಕು ತಮ್ಮ ಮೂಲ ಅರ್ಥ ಕಳೆದುಕೊಂಡು 'ಪೂರ್ತಿಯಾಗಿ' ಎಂಬ ಬಣ್ಣ ಮಾತ್ರ ಕೊಡುತ್ತವೆ. ಇಂಗ್ಲಿಷಿನ 'ಅಪ್' ಅಲ್ಲಿ ಮಾಡುವುದು ಅದೇ ಕೆಲಸ. ನಾವು ಇನ್ನೊಂದು ಕ್ರಿಯಾಪದ ಅಂಟಿಸುತ್ತೇವೆ, ಅವರು ದಿಕ್ಕು ತೋರಿಸುವ ಪದ ಅಂಟಿಸುತ್ತಾರೆ. ಈ ಸಾಮ್ಯ ಹಿಡಿದರೆ ಕನ್ನಡಿಗರಿಗೆ ಫ್ರೇಸಲ್ ವರ್ಬ್ ಅಷ್ಟೇನೂ ಪರಕೀಯವಲ್ಲ. ಪರಕೀಯ ಎನಿಸಿದರೂ ನಾಚಿಕೆ ಬೇಡ: 1755ರಲ್ಲಿ ತನ್ನ ದೊಡ್ಡ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ವಿದೇಶಿಯರಿಗೆ ಅತಿ ಹೆಚ್ಚು ತೊಡಕಾಗುವುದು ಈ ಬಗೆಯ ಜೋಡಣೆಯೇ ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. 'ಫ್ರೇಸಲ್ ವರ್ಬ್' ಎಂಬ ಹೆಸರು ಚಾಲ್ತಿಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕದಿಂದ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ತನಗೆ ಸೂಚಿಸಿದ ಹೆಸರಿದು ಎಂದು ಆತ ಹೇಳಿಕೊಂಡಿದ್ದಾನೆ.

'ಅಪ್'ಗೆ 'ಪೂರ್ತಿ' ಅಲ್ಲದೆ ಬೇರೆ ಬಣ್ಣಗಳೂ ಇವೆ. ಹೆಚ್ಚಾಗುವುದು: ಸ್ಪೀಕ್ ಅಪ್, ಹೀಟ್ ಅಪ್, ಸ್ಪೀಡ್ ಅಪ್. ಎದುರಿಗೆ ಬಂದು ನಿಲ್ಲುವುದು: ಟರ್ನ್ ಅಪ್, ಶೋ ಅಪ್. ಇಲ್ಲದ್ದನ್ನು ಹುಟ್ಟಿಸುವುದು: ಡ್ರಾ ಅಪ್, ಥಿಂಕ್ ಅಪ್, 'ಮೇಕ್ ಅಪ್ ಎ ಸ್ಟೋರಿ' ಅಂದರೆ ಕತೆ ಕಟ್ಟುವುದು. 'ಔಟ್' ಗುಟ್ಟನ್ನು ಹೊರಗೆ ತರುತ್ತದೆ (ಫೈಂಡ್ ಔಟ್, ವರ್ಕ್ ಔಟ್), ಇದ್ದದ್ದನ್ನು ಮುಗಿಸುತ್ತದೆ (ಸೆಲ್ ಔಟ್), ಹಂಚುತ್ತದೆ (ಹ್ಯಾಂಡ್ ಔಟ್). 'ಆಫ್' ಬೇರ್ಪಡಿಸುತ್ತದೆ, ನಿಲ್ಲಿಸುತ್ತದೆ, ಪ್ರಯಾಣಕ್ಕೆ ಹೊರಡಿಸುತ್ತದೆ: ಕಟ್ ಆಫ್, ಕಾಲ್ ಆಫ್, ಸೆಟ್ ಆಫ್. ಈ ಬಣ್ಣಗಳು ನೆನಪಿಡಲು ಒಳ್ಳೆಯ ಕೊಕ್ಕೆ. ಹೊಸ ಜೋಡಿಯ ಅರ್ಥ ಊಹಿಸಲು ಮಾತ್ರ ಬಳಸಬೇಡಿ. 'ಪುಟ್ ಅಪ್ ವಿತ್' ಎದುರು ಬಂದಾಗ ಯಾವ ಊಹೆಯೂ ಕೈಹಿಡಿಯುವುದಿಲ್ಲ. ಬಾಲವನ್ನು ಅಲಂಕಾರವೆಂದು ಎಲ್ಲೆಡೆ ಅಂಟಿಸಲೂ ಬಾರದು. ಊಟ ಆಯ್ತಾ ಎಂದು ಕೇಳಲು 'ಹ್ಯಾವ್ ಯು ಈಟನ್?' ಸಾಕು. 'ಈಟ್ ಅಪ್' ಎನ್ನುವುದು ತಟ್ಟೆಯಲ್ಲಿ ಅನ್ನ ಬಿಟ್ಟು ಕೂತ ಮಗುವಿಗೆ.

ಫಾರಂ ವಿಷಯ: ಬ್ರಿಟಿಷರು ಹೆಚ್ಚಾಗಿ 'ಫಿಲ್ ಇನ್', ಅಮೆರಿಕದವರು 'ಫಿಲ್ ಔಟ್' ಎನ್ನುತ್ತಾರೆ. ಫಾರಂ 'ಫಿಲ್ ಅಪ್' ಮಾಡುವವರು ನಾವು. ಹೊರಗಿನವರು 'ಫಿಲ್ ಅಪ್' ಮಾಡುವುದು ಪೆಟ್ರೋಲ್ ಟ್ಯಾಂಕು, ನೀರಿನ ಬಾಟಲಿ. ಖಾಲಿ ಬಿಟ್ಟ ಒಂದು ಜಾಗವನ್ನು ತುಂಬುವುದಾದರೆ ಎಲ್ಲರಿಗೂ 'ಫಿಲ್ ಇನ್'. ಶಾಲೆಯ 'ಫಿಲ್ ಇನ್ ದ ಬ್ಲ್ಯಾಂಕ್ಸ್' ನೆನಪಿಸಿಕೊಳ್ಳಿ.

ಪ್ರಶ್ನೆ: ಐಟಿ ಕಂಪನಿಯಲ್ಲಿ ವಿದೇಶಿ ಗ್ರಾಹಕರ ಜೊತೆ ಕೆಲಸ. 'ರಿವರ್ಟ್ ಬ್ಯಾಕ್', 'ಡಿಸ್ಕಸ್ ಅಬೌಟ್', 'ಕೋಪ್ ಅಪ್ ವಿತ್', 'ಪಾಸ್ಡ್ ಔಟ್ ಇನ್ 2019' ಎಂದೆಲ್ಲ ಬರೆಯುತ್ತೇನೆ ಎಂದು ಆಕ್ಷೇಪಣೆ ಬಂದಿದೆ. ಇವು ತಪ್ಪೇ? ಫೋನಿನಲ್ಲಿ ಬಳಸಲು ಬೇಕಾದವನ್ನೂ ತಿಳಿಸಿ. (ಬೆಂಗಳೂರು)

ಉತ್ತರ: ನಾಲ್ಕೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

'ರಿವರ್ಟ್' ಅಂದರೆ ಇಂಗ್ಲೆಂಡ್, ಅಮೆರಿಕದವರಿಗೆ ಹಿಂದಿನ ಸ್ಥಿತಿಗೆ ಮರಳು. ಕೋಡ್ ಬರೆಯುವವರು ಬದಲಾವಣೆಯನ್ನು 'ರಿವರ್ಟ್' ಮಾಡುವುದು ಈ ಅರ್ಥದಲ್ಲೇ. ಉತ್ತರಿಸು ಎಂಬ ಅರ್ಥ ನಮ್ಮ ಕಡೆಯದು. ಅದರ ಮೇಲೆ 'ಬ್ಯಾಕ್' ಬೇರೆ ಹೇರಿದ್ದೇವೆ. 'ಐ ವಿಲ್ ಗೆಟ್ ಬ್ಯಾಕ್ ಟು ಯು ಬೈ ಫ್ರೈಡೇ' ಎಂದು ಬರೆಯಿರಿ.

'ಡಿಸ್ಕಸ್' ಕ್ರಿಯಾಪದವಾಗಿದ್ದಾಗ 'ಅಬೌಟ್' ಬೇಡ. 'ಡಿಸ್ಕಶನ್' ನಾಮಪದವಾದಾಗ ಬೇಕು. ಗೊಂದಲದ ಮೂಲ ಅಲ್ಲೇ ಇದೆ. ಇದೇ ಸೂತ್ರ 'ರಿಕ್ವೆಸ್ಟ್' ಮತ್ತು 'ಸ್ಟ್ರೆಸ್'ಗೂ ನಡೆಯುತ್ತದೆ: 'ಎ ರಿಕ್ವೆಸ್ಟ್ ಫಾರ್ ಲೀವ್' ಸರಿ, 'ಐ ರಿಕ್ವೆಸ್ಟ್ ಫಾರ್ ಲೀವ್' ಸರಿಯಲ್ಲ. 'ಕೋಪ್'ಗೆ 'ಅಪ್' ಬಂದದ್ದು ಬಹುಶಃ 'ಕೀಪ್ ಅಪ್ ವಿತ್', 'ಕ್ಯಾಚ್ ಅಪ್ ವಿತ್'ಗಳ ಸಹವಾಸದಿಂದ. 'ಕೋಪ್ ವಿತ್' ಅಷ್ಟೇ ಸಾಕು. ಇನ್ನು 'ಐ ಪಾಸ್ಡ್ ಔಟ್ ಇನ್ 2019' ಓದಿದ ಅಮೆರಿಕದವರು ನೀವು ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿರಿ ಎಂದುಕೊಳ್ಳುತ್ತಾರೆ. ಸೇನೆಯ ಅಕಾಡೆಮಿಗಳ 'ಪಾಸಿಂಗ್ ಔಟ್ ಪರೇಡ್'ನಲ್ಲಿ ಈ ಪದಕ್ಕೆ ಮರ್ಯಾದೆಯ ಜಾಗವಿದೆ. ಬಯೋಡೇಟಾದಲ್ಲಿ 'ಗ್ರ್ಯಾಜುಯೇಟೆಡ್' ಎಂದಿರಲಿ.

ಕೇಳದೆ ಇನ್ನೊಂದನ್ನು ಹೇಳುತ್ತೇವೆ. ಸಭೆಯನ್ನು 'ಪ್ರೀಪೋನ್' ಮಾಡುವುದು ನಮ್ಮ ಪದ, ಚೆಂದದ ಪದ, ಇಂಗ್ಲಿಷ್ ನಿಘಂಟಿಗೂ ಸೇರಿದೆ. ಆದರೆ ಹೊರಗಿನವರೆಲ್ಲರಿಗೂ ತಿಳಿಯದು. ಅವರಿಗೆ 'ಬ್ರಿಂಗ್ ಫಾರ್ವರ್ಡ್'. 'ಮೂವ್ ಫಾರ್ವರ್ಡ್ ಬೈ ಟು ಡೇಸ್' ಎಂದು ಮಾತ್ರ ಬರೆಯಬೇಡಿ. ಬುಧವಾರದ ಸಭೆ ಸೋಮವಾರಕ್ಕೆ ಬಂತೆಂದು ಕೆಲವರು, ಶುಕ್ರವಾರಕ್ಕೆ ಹೋಯಿತೆಂದು ಕೆಲವರು ತಿಳಿಯುತ್ತಾರೆ, ಇಂಗ್ಲಿಷ್ ಮನೆಮಾತಿನವರೂ ಸೇರಿ. ಯಾವ ಬಾಲ ಹಾಕಿದರೂ ಪಕ್ಕದಲ್ಲಿ ಹೊಸ ವಾರ, ತಾರೀಕು ಬರೆದುಬಿಡಿ.

ಫೋನಿನಲ್ಲಿ: ಸ್ವಲ್ಪ ತಡೆಯಿರಿ ಎನ್ನಲು 'ಹ್ಯಾಂಗ್ ಆನ್', ಫೋನ್ ಇಡಲು 'ಹ್ಯಾಂಗ್ ಅಪ್'. ಎರಡನ್ನು ಅದಲುಬದಲು ಮಾಡಿದರೆ ಗ್ರಾಹಕ ನಿಜಕ್ಕೂ ಇಟ್ಟುಬಿಟ್ಟಾನು. ಮಾತಿನ ನಡುವೆ ಸಿಟ್ಟಿನಿಂದ ಇಟ್ಟರೆ 'ಹಿ ಹಂಗ್ ಅಪ್ ಆನ್ ಮಿ'; ಲೈನ್ ತಾನಾಗಿ ಕಡಿದುಹೋದರೆ 'ವಿ ಗಾಟ್ ಕಟ್ ಆಫ್'. 'ಕಟ್ ದ ಕಾಲ್', 'ಕೀಪ್ ದ ಫೋನ್' ಎರಡೂ ಕನ್ನಡದ 'ಕಟ್ ಮಾಡು', 'ಫೋನ್ ಇಡು' ಅಷ್ಟೇ. ದನಿ ಒಡೆಯುತ್ತಿದ್ದರೆ 'ಯು ಆರ್ ಬ್ರೇಕಿಂಗ್ ಅಪ್', ಜೋರಾಗಿ ಹೇಳಿ ಎನ್ನಲು 'ಕುಡ್ ಯು ಸ್ಪೀಕ್ ಅಪ್?', ಬೇರೆಯವರಿಗೆ ಲೈನ್ ಕೊಡುವಾಗ 'ಐ ವಿಲ್ ಪುಟ್ ಯು ಥ್ರೂ', ತಿರುಗಿ ಮಾಡುತ್ತೇನೆ ಎನ್ನಲು 'ಐ ವಿಲ್ ಕಾಲ್ ಯು ಬ್ಯಾಕ್'. ಕೊನೆಯ ಎರಡರಲ್ಲೂ 'ಯು' ನಡುವೆ ಇದೆ ಎಂಬುದನ್ನು ಗಮನಿಸಿ.

ಪ್ರಶ್ನೆ: ಮಗಳು 'ಆಫ್ ದ ಫ್ಯಾನ್', 'ಆನ್ ದ ಲೈಟ್' ಎನ್ನುತ್ತಾಳೆ. ತಿದ್ದುವುದು ಹೇಗೆ? (ಶಿವಮೊಗ್ಗ)

ಉತ್ತರ: ತಪ್ಪು ಮಗಳದ್ದಲ್ಲ, ನಮ್ಮ ಕನ್ನಡದ್ದು. 'ಸ್ವಿಚ್ ಆಫ್'ನಿಂದ ನಾವು ಬಾಲವನ್ನಷ್ಟೇ ಕಿತ್ತುಕೊಂಡು 'ಮಾಡು' ಸೇರಿಸಿ 'ಆಫ್ ಮಾಡು' ಮಾಡಿಕೊಂಡೆವು. ಕ್ರಿಯಾಪದ ಕನ್ನಡದಲ್ಲಿದೆ, ಇಂಗ್ಲಿಷಿಗೆ ಹೋಗುವಾಗ ಅದು ಬಿದ್ದುಹೋಗಿ ಬಾಲ ಮಾತ್ರ ಉಳಿಯುತ್ತದೆ. 'ಮಾಡು' ಇದ್ದ ಜಾಗಕ್ಕೆ 'ಟರ್ನ್' ಹಾಕಿಸಿ: ಟರ್ನ್ ಆಫ್, ಟರ್ನ್ ಆನ್. ಫ್ಯಾನು, ಲೈಟು, ನಲ್ಲಿ, ಗ್ಯಾಸ್ ಎಲ್ಲಕ್ಕೂ ನಡೆಯುತ್ತದೆ. 'ಸ್ವಿಚ್' ನಲ್ಲಿಗೆ ನಡೆಯುವುದಿಲ್ಲ. ಜೊತೆಗೆ ಒಂದು ಬಲೆ: 'ದ ಅಲಾರಂ ವೆಂಟ್ ಆಫ್' ಅಂದರೆ ಅಲಾರಂ ನಿಂತಿತು ಅಂತಲ್ಲ, ಹೊಡೆದುಕೊಂಡಿತು. ಆದರೆ 'ದ ಲೈಟ್ ವೆಂಟ್ ಆಫ್' ಅಂದರೆ ದೀಪ ಆರಿತು. ಬ್ರಿಟಿಷರ ಮನೆಯಲ್ಲಿ ಹಾಲು 'ವೆಂಟ್ ಆಫ್' ಆದರೆ ಕೆಟ್ಟುಹೋಯಿತು ಎಂದರ್ಥ.

ಪ್ರಶ್ನೆ: ನರ್ಸಿಂಗ್ ಮುಗಿಸಿ ವಿದೇಶದ ಕೆಲಸಕ್ಕಾಗಿ ಓಇಟಿ ಎಂಬ, ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಬರವಣಿಗೆಯಲ್ಲಿ ಫ್ರೇಸಲ್ ವರ್ಬ್ ಬಳಸಲೇಬಾರದು ಎಂದು ತರಬೇತಿಯಲ್ಲಿ ಹೇಳಿದರು. ಹಾಗಾದರೆ ಕಲಿಯುವುದೇಕೆ? (ಉಡುಪಿ)

ಉತ್ತರ: ರೋಗಿಗಳು ಆಡುವುದು ಅದನ್ನೇ ಆದ್ದರಿಂದ. ರೋಗಿ 'ವಾಮಿಟ್' ಎನ್ನುವುದಕ್ಕಿಂತ ಹೆಚ್ಚಾಗಿ 'ಐ ಥ್ರೂ ಅಪ್ ಟ್ವೈಸ್' ಎನ್ನುತ್ತಾನೆ. ಕೇಸ್ ಶೀಟಿನಲ್ಲಿ ನೀವು 'ವಾಮಿಟೆಡ್' ಎಂದು ಬರೆಯುತ್ತೀರಿ. ಕಿವಿಗೆ ಒಂದು ಪಟ್ಟಿ, ಕೈಗೆ ಇನ್ನೊಂದು ಎಂದಿಟ್ಟುಕೊಳ್ಳಿ. ಪಾಸ್ ಔಟ್ ಅಂದರೆ ಪ್ರಜ್ಞೆ ತಪ್ಪು. ಪಾಸ್ ಅವೇ ಅಂದರೆ ತೀರಿಕೊಳ್ಳು. ಈ ಎರಡು ಬಾಲ ಅದಲುಬದಲಾದರೆ ಮನೆಯವರ ಎದೆ ಒಡೆಯುತ್ತದೆ. ಕಮ್ ರೌಂಡ್ ಅಂದರೆ ಪ್ರಜ್ಞೆ ಮರಳು. ಅರಿವಳಿಕೆಯ ಪ್ರಭಾವ ಇಳಿಯುವುದು ವೇರ್ ಆಫ್. ಮೈಮೇಲೆ ದದ್ದು ಏಳುವುದು ಬ್ರೇಕ್ ಔಟ್ ಇನ್ ಎ ರ್‍ಯಾಶ್. ಅಡಗಿದ್ದ ತೊಂದರೆ ಮತ್ತೆ ಕೆರಳುವುದು ಫ್ಲೇರ್ ಅಪ್. ಕಫ ಹೊರಗೆ ಬರುವುದು ಕಾಫ್ ಅಪ್. ಇದರಲ್ಲಿ 'ಅಪ್' ಬಿಟ್ಟರೆ ಬರೀ ಕೆಮ್ಮು, ಕಫ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. 'ಐ ಫೀಲ್ ರನ್ ಡೌನ್' ಅಂದರೆ ಸುಸ್ತು, ಮೈಯಲ್ಲಿ ಶಕ್ತಿಯಿಲ್ಲ.

ನೀವು ರೋಗಿಗೆ ಹೇಳುವುದಕ್ಕೂ ಇವು ಬೇಕು: ರೋಲ್ ಅಪ್ ಯುವರ್ ಸ್ಲೀವ್, ಬ್ರೀದ್ ಇನ್, ಬ್ರೀದ್ ಔಟ್, ಲೈ ಬ್ಯಾಕ್, ಟರ್ನ್ ಓವರ್. 'ಇನ್ಹೇಲ್' ಎಂದರೆ ತಪ್ಪಲ್ಲ; ಆದರೆ ನೋವಿನಲ್ಲಿರುವ ವಯಸ್ಸಾದವರಿಗೆ ಪುಸ್ತಕದ ಪದ ಬೇಗ ತಲುಪುವುದಿಲ್ಲ. ಓಇಟಿಯ ಮಾತಿನ ಭಾಗ ರೋಗಿಯೊಂದಿಗೆ ನಡೆಯುವ ಸಂಭಾಷಣೆಯ ಮಾದರಿಯಲ್ಲೇ ಇರುತ್ತದೆ.

ಬರವಣಿಗೆಯ ಭಾಗ 45 ನಿಮಿಷ, ಅದರಲ್ಲಿ ಮೊದಲ 5 ನಿಮಿಷ ಓದಲು. ಸುಮಾರು 180ರಿಂದ 200 ಪದಗಳ ಪತ್ರ, ಸಾಮಾನ್ಯವಾಗಿ ಇನ್ನೊಬ್ಬ ವೈದ್ಯರಿಗೋ ನರ್ಸಿಗೋ ಬರೆಯುವಂಥದ್ದು. ಅಲ್ಲಿ ಥ್ರೋ ಅಪ್, ಪಾಸ್ ಔಟ್ ಬೇಡ. ಆದರೆ 'ಬಳಸಲೇಬಾರದು' ಎಂಬ ಮಾತು ಅತಿಯಾಯಿತು. ಕ್ಯಾರಿ ಔಟ್, ಫಾಲೋ ಅಪ್, ರೂಲ್ ಔಟ್ ವೈದ್ಯಕೀಯ ಬರವಣಿಗೆಯಲ್ಲಿ ದಿನನಿತ್ಯದವು. ಅವುಗಳನ್ನು ತಪ್ಪಿಸಲು ಹೋಗಿ ಸುತ್ತಿ ಬಳಸಿ ಬರೆದರೆ ಪತ್ರವೇ ಕೆಡುತ್ತದೆ.

ಪ್ರಶ್ನೆ: ಲಾಗಿನ್ ಒಂದೇ ಪದವೋ ಎರಡೋ? ನಿಘಂಟಿನಲ್ಲಿ ಜೋಡಿಯ ನಡುವೆ ಕಾಣುವ ಎರಡು ಮುಖದ ಬಾಣ ಏನು? (ಗ್ರಂಥಾಲಯ ಸಿಬ್ಬಂದಿ, ಧಾರವಾಡ)

ಉತ್ತರ: ಮಾಡುವುದಾದರೆ ಎರಡು, ವಸ್ತುವಾದರೆ ಒಂದು. 'ಲಾಗ್ ಇನ್ ವಿತ್ ಯುವರ್ ಲಾಗಿನ್' ಎಂಬಲ್ಲಿ ಎರಡೂ ಇವೆ. ಕಿವಿಗೂ ವ್ಯತ್ಯಾಸ ಕೇಳುತ್ತದೆ: ಕ್ರಿಯಾಪದದಲ್ಲಿ ಒತ್ತು ಬಾಲದ ಮೇಲೆ, ನಾಮಪದದಲ್ಲಿ ಮೊದಲ ಭಾಗದ ಮೇಲೆ. ಪರೀಕ್ಷೆ ಬೇಕೆಂದರೆ ಭೂತಕಾಲಕ್ಕೆ ತಿರುಗಿಸಿ. 'ಲಾಗ್ಡ್ ಇನ್' ಆಗುತ್ತದೆ, 'ಲಾಗಿನ್ಡ್' ಆಗುವುದಿಲ್ಲ. ಹಾಗೆ ತಿರುಗಿದರೆ ಎರಡು ಪದ. ಕನ್ನಡಕ್ಕೆ ಬಂದವು ಹೆಚ್ಚಾಗಿ ಈ ನಾಮಪದದ ರೂಪಗಳೇ: ಬಡಾವಣೆಯ ಲೇಔಟ್, ಥಿಯೇಟರ್ ಮುಂದಿನ ಕಟೌಟ್, ಶೂಟಿಂಗಿನ ಪ್ಯಾಕಪ್, ಬೈಕಿನ ಪಿಕಪ್. ಸುಮ್ಮನೆ ಕೊಚ್ಚಿಕೊಳ್ಳುವವನ 'ಬಿಲ್ಡಪ್' ಮಾತ್ರ ನಮ್ಮ ಸ್ವಂತ ಅರ್ಥ. ಇಂಗ್ಲಿಷಿನವರ ಮುಂದೆ ಅದನ್ನು ಕೊಟ್ಟರೆ ತಿಳಿಯುವುದಿಲ್ಲ.

ಆ ಬಾಣ ಮೇಲಿನ ಚಿತ್ರದುರ್ಗದ ಪ್ರಶ್ನೆಗೆ ಸಿದ್ಧ ಉತ್ತರ. ಆಕ್ಸ್‌ಫರ್ಡ್ ಮತ್ತು ಲಾಂಗ್‌ಮನ್ ಕಲಿಕಾರ್ಥಿಗಳ ನಿಘಂಟುಗಳಲ್ಲಿ ಬಾಣವಿದ್ದರೆ ನಾಮಪದ ಆಚೆಗೂ ಈಚೆಗೂ ಹೋಗಬಹುದು, ಅಂದರೆ ಬಿಡಿಸಬಹುದಾದ ಜಾತಿ. ಬಾಣವಿಲ್ಲದೆ 'ಸಮ್‌ಬಡಿ' ಅಥವಾ 'ಸಮ್‌ಥಿಂಗ್' ಎಂಬುದರ ಸಂಕ್ಷಿಪ್ತ ರೂಪ ಬಾಲದ ನಂತರ ಇದ್ದರೆ ಅಂಟಿಕೊಂಡದ್ದು. ಆಕ್ಸ್‌ಫರ್ಡಿನ ಈ ನಿಘಂಟು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ: ಎ. ಎಸ್. ಹಾರ್ನ್‌ಬಿ ಮತ್ತು ಇಬ್ಬರು ಸಂಗಡಿಗರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತ ಸಿದ್ಧಪಡಿಸಿದ್ದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ತನ್ನದಾಗಿಸಿಕೊಂಡಿತು. ಗ್ರಂಥಾಲಯಕ್ಕೆ ತರಿಸುವಾಗ ಹೆಸರಿನಲ್ಲಿ 'ಲರ್ನರ್ಸ್' ಎಂಬ ಪದ ಇದೆಯೇ ನೋಡಿ. ಇಂಗ್ಲಿಷ್ ಮನೆಮಾತಿನವರಿಗೆಂದು ಮಾಡಿದ ನಿಘಂಟಿನಲ್ಲಿ ಸಾಮಾನ್ಯವಾಗಿ ಈ ಬಾಣ ಇರುವುದಿಲ್ಲ.